ಡ್ರಮ್‌ಕೀಲಿಯ ಅರ್ಧ ಇಂಚು

ಸತ್ತವರ ಹೆಸರು ಓದಿ ಮುಗಿದ ಕೂಡಲೇ ರೇಡಿಯೋ ಆರಿಸುವ ಅಭ್ಯಾಸ ನಮ್ಮ ಡ್ರಮ್‌ಕೀಲಿಯ ಜನಕ್ಕೆ ಇದ್ದಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಆ ಅಭ್ಯಾಸ ನಮಗಿಲ್ಲ. ಬೆಳಿಗ್ಗೆ ಜಿಲ್ಲೆಯ ರೇಡಿಯೋದಲ್ಲಿ ಯಾರು ತೀರಿಕೊಂಡರು, ದೇಹ ಯಾರ ಮನೆಯಲ್ಲಿದೆ, ಚರ್ಚಿನಲ್ಲಿ ಪೂಜೆ ಎಷ್ಟು ಹೊತ್ತಿಗೆ ಎಂದು ಓದುವಾಗ ಇಡೀ ಊರು ಚಹಾದ ಕಪ್ಪನ್ನು ಬಾಯಿಗೂ ಮೇಜಿಗೂ ನಡುವೆ ಹಿಡಿದು ಕೂತಿರುತ್ತದೆ. ಆಮೇಲೆ ಸತ್ತವರು ಯಾರ ಪೈಕಿ, ತಾಯಿಯ ಕಡೆ ಯಾವ ಊರು ಎಂಬ ಚರ್ಚೆ ನಡೆಯಬೇಕು. ಅಷ್ಟರಲ್ಲಿ ಮುಂದಿನ ಕಾರ್ಯಕ್ರಮ ತಾನಾಗಿಯೇ ಕಿವಿಗೆ ಬೀಳುತ್ತದೆ. ಆ ಮಂಗಳವಾರ ಹಾಗೆ ಬಿದ್ದದ್ದು ಫೆಲಿಮ್ ಟೂಮಿಯ ದನಿ.

ಫೆಲಿಮ್ ಮೊದಲು ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ. ನಿವೃತ್ತನಾದ ಮೇಲೆ ಹಿತ್ತಲ ಶೆಡ್ಡಿನಲ್ಲಿ ಪುಟಾಣಿ ರೈಲೊಂದನ್ನು ಕಟ್ಟುತ್ತಿದ್ದ. ರೈಲು ಅಂಗಡಿಯಲ್ಲಿ ಸಿಗುತ್ತದೆ, ಅದು ದೊಡ್ಡ ಮಾತಲ್ಲ. ರೈಲಿನ ಸುತ್ತ ಊರು ಕಟ್ಟುವುದು ದೊಡ್ಡ ಮಾತು. ನಮ್ಮೂರಿಗೆ ಹಿಂದೆ ರೈಲು ಬರುತ್ತಿತ್ತು. ಅವನ ಅಪ್ಪ ರಸ್ತೆ ಹಳಿಯನ್ನು ದಾಟುವಲ್ಲಿದ್ದ ಗೇಟು ಕಾಯುತ್ತಿದ್ದರು. ಕೊನೆಯ ರೈಲು ಹೋದಾಗ ಫೆಲಿಮ್ ಇನ್ನೂ ಚಡ್ಡಿ ಹಾಕುವ ಹುಡುಗ. ಹಳಿ ಕಿತ್ತುಕೊಂಡು ಹೋದ ಮೇಲೂ ಆ ಮನುಷ್ಯ ಬಹಳ ದಿನ ಮಧ್ಯಾಹ್ನದ ಗಾಡಿಯ ಹೊತ್ತಿಗೆ ಹೊರಗೆ ಹೋಗಿ ಗೇಟು ಮುಚ್ಚಿ, ಸ್ವಲ್ಪ ಹೊತ್ತು ನಿಂತು, ತೆಗೆದು ಬರುತ್ತಿದ್ದರು. ಫೆಲಿಮ್‌ಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ. ಚರ್ಚಿನ ಸಭಾಂಗಣದಲ್ಲಿ, ಊರವರೆಲ್ಲರ ಕಣ್ಣೆದುರು, ಒಂದು ಸಲ ರೈಲು ಡ್ರಮ್‌ಕೀಲಿಯನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. ಫಾದರ್ ಟೂಹಿ ಅದಕ್ಕೆ ತಿಂಗಳ ಕೊನೆಯ ಭಾನುವಾರ ಗೊತ್ತುಮಾಡಿದ್ದರು.

ಕಟ್ಟಿದ್ದನೋ, ಕಟ್ಟಿದ್ದ! ಬೆಕ್ಕಿನ ಕಕ್ಕಸಿನ ತಟ್ಟೆಗೆ ಹಾಕುವ ಮಣ್ಣುಹರಳನ್ನು ಒಂದೊಂದಾಗಿ ಜೋಡಿಸಿ ಕಲ್ಲಿನ ಗೋಡೆ. ಬಳಸಿ ಒಣಗಿಸಿದ ಚಹಾಪುಡಿಯಿಂದ ಜೌಗು ನೆಲ. ಪಾತ್ರೆ ಉಜ್ಜುವ ಹಸಿರು ನಾರನ್ನು ಚೂರುಚೂರು ಮಾಡಿ ಬೇಲಿ, ಅದರ ಮೇಲೆ ಅರಿಸಿನ ಬಣ್ಣದ ಪುಡಿ ಉದುರಿಸಿ ವಸಂತಕಾಲದ ಮುಳ್ಳುಪೊದೆ. ಹುಲ್ಲು ಹೊದಿಸಿದ ಬಿಳಿ ಮನೆಗಳಿಗೆ ಹೊದಿಕೆಯಾಗಿ ಬಂದದ್ದು ಅವನ ಹೆಂಡತಿ ಅಟ್ರಾಕ್ಟಾಳ ಚಳಿಗಾಲದ ಕೋಟಿನ ತುಪ್ಪಳದ ಕಾಲರು. ಅದು ಅವಳಿಗೆ ಗೊತ್ತಾದದ್ದು ಒಂದು ಶವಸಂಸ್ಕಾರದ ದಿನ, ಕೋಟು ಹಾಕಿಕೊಂಡು ಕನ್ನಡಿ ನೋಡಿದಾಗ. ಅಂಗಡಿಯವನು ಕಳಿಸಿದ ಹಸುಗಳು ಕಪ್ಪು-ಬಿಳುಪು. ಆ ಕಾಲದಲ್ಲಿ ನಮ್ಮ ಕಡೆ ಕೆಂಪು ಹಸುಗಳೇ ಇದ್ದವೆಂದು ಫೆಲಿಮ್ ಎಲ್ಲದಕ್ಕೂ ಮತ್ತೆ ಬಣ್ಣ ಬಳಿದ.

ಇಷ್ಟೆಲ್ಲ ಮಾಡಿದವನ ಎದುರು ಮೈಕು ಹಿಡಿದು ರೇಡಿಯೋದ ಹುಡುಗಿ ಕೇಳಿದಳು: "ಆಗ ನಿಜವಾಗ್ಲೂ ಹಿಂಗೇ ಇತ್ತಾ, ಮಿಸ್ಟರ್ ಟೂಮಿ?"

"ಬಹುಮಟ್ಟಿಗೆ ಹೀಗೇ ಇತ್ತಮ್ಮಾ" ಎಂದಿದ್ದರೆ ಸಾಕಿತ್ತು. ಆದರೆ ಮೈಕು ಕಂಡರೆ ಎಂಥ ಸಾಧುವಿಗೂ ಎರಡು ಕೊಂಬು ಮೂಡುತ್ತವೆ.

"ಒಂದು ಕಲ್ಲು ಆಚೀಚೆ ಇಲ್ಲಮ್ಮಾ," ಎಂದ ಫೆಲಿಮ್. "ಒಂದು ಗಿಡ ಆಚೀಚೆ ಇಲ್ಲ. ಸರ್ವೆಯವ್ರು ಟೇಪು ಹಿಡ್ಕೊಂಡು ಬರ್ಲಿ ಬೇಕಾದ್ರೆ. ನಾಚ್ಕೊಂಡು ವಾಪಸ್ ಹೋಗ್ತಾರೆ."

ಅಡುಗೆಮನೆಯಲ್ಲಿ ಗಂಡನ ಜೊತೆ ಕೂತು ರೇಡಿಯೋದಲ್ಲಿ ಇದನ್ನು ಕೇಳುತ್ತಿದ್ದ ಅಟ್ರಾಕ್ಟಾ ಕಪ್ಪು ಕೆಳಗಿಟ್ಟಳು. "ಸರ್ವೆಯವ್ರನ್ನ ಯಾಕಪ್ಪಾ ಕರೆದೆ ನೀನು?"

"ಮಾತಿಗೆ ಅಂದೆ ಕಣೇ."

"ನಮ್ಮೂರಲ್ಲಿ ಜಮೀನಿನ ವಿಷ್ಯ ಮಾತಿಗೆ ಅನ್ನೋದಿಲ್ಲ ಫೆಲಿಮ್. ನಿಂಗೆ ಗೊತ್ತಿಲ್ವಾ?"

ಮಾರನೆಯ ಬೆಳಿಗ್ಗೆ ಬಾರ್ಟ್ಲಿ ಗಿಲ್ಡೇ ಬಂದ. ಬರಿಗೈಯಲ್ಲಿ ಬರಲಿಲ್ಲ, ಟ್ರೇಲರಿನ ತುಂಬ ಒಲೆಗೆ ಹಾಕುವ ಜೌಗುಮಣ್ಣಿನ ಹೆಂಟೆ ಹೇರಿಕೊಂಡು ಬಂದ. ಬಾರ್ಟ್ಲಿ ಮನೆಗೆ ಬರುವುದೇ ಅಪರೂಪ, ಕೊಡುವುದಂತೂ ಊರಿನ ಇತಿಹಾಸದಲ್ಲೇ ಇರಲಿಲ್ಲ. ಫೆಲಿಮ್‌ಗೆ ಆಗಲೇ ಅನುಮಾನ ಬರಬೇಕಿತ್ತು. ಅವನಿಗೆ ಬಂದದ್ದು ಸಂತೋಷ.

ಬಾರ್ಟ್ಲಿಯ ಹೊಲಕ್ಕೂ ವಿಧವೆ ನೋನಿ ಸ್ಕಾಹಿಲ್‌ಳ ಹೊಲಕ್ಕೂ ನಡುವೆ, ಹಳೆಯ ರೈಲುದಾರಿಯ ಪಕ್ಕ, ಒಂದು ಗಜ ಅಗಲದ ಜೌಗು ಪಟ್ಟಿಯಿದೆ. ಅದರಲ್ಲಿ ಹುಲ್ಲು ಬೆಳೆಯುವುದಿಲ್ಲ. ಹಸು ಕಾಲಿಟ್ಟರೆ ಎಳೆಯಲು ಟ್ರ್ಯಾಕ್ಟರು ಬೇಕು. ಈ ಭಾಗ್ಯ ತನ್ನದೆಂದು ಬಾರ್ಟ್ಲಿ, ತನ್ನದೆಂದು ನೋನಿ. ರೈಲಿನ ಕಾಲದಲ್ಲಿ ನಡುವೆ ಬೇಲಿ ಇತ್ತೇ, ಇದ್ದರೆ ಪಟ್ಟಿಯ ಈಚೆಗೋ ಆಚೆಗೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಯಾರದ್ದೋ ತಿಥಿಯೂಟದಲ್ಲಿ ಈ ವಿಷಯ ಬಂದು, ಮಾತಿಗೆ ಮಾತು ಬೆಳೆದು, ಅಂದಿನಿಂದ ಹತ್ತೊಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ. ಭಾನುವಾರದ ಪೂಜೆಯಲ್ಲಿ ಫಾದರ್ "ಪರಸ್ಪರ ಶಾಂತಿ ಹಂಚಿಕೊಳ್ಳಿ" ಎಂದು ಎಲ್ಲರೂ ಅಕ್ಕಪಕ್ಕದವರ ಕೈ ಕುಲುಕುವಾಗ ಇವರಿಬ್ಬರೂ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಾರೆ. ನೋನಿಯ ಬೂಟಿಗೆ ಲೇಸೇ ಇಲ್ಲ, ಆದರೂ ಕಟ್ಟಿಕೊಳ್ಳುತ್ತಾಳೆ.

ಬಾರ್ಟ್ಲಿ ಶೆಡ್ಡಿಗೆ ಹೋಗಿ, ಸ್ಟೇಷನ್ನನ್ನು ನೋಡಲಿಲ್ಲ, ಸೇತುವೆಯನ್ನು ನೋಡಲಿಲ್ಲ, ಕೆಂಪು ಹಸುಗಳನ್ನಂತೂ ಕಣ್ಣೆತ್ತಿ ನೋಡಲಿಲ್ಲ. ನೆಟ್ಟಗೆ ತನ್ನ ಹೊಲದ ಮೇಲೆ ಬಗ್ಗಿದ. ಬೇಲಿಯೊಂದು ಪಟ್ಟಿಯ ಆಚೆಗೆ, ನೋನಿಯ ಕಡೆಗೆ ನಿಂತಿತ್ತು. ಅಂದರೆ ಪಟ್ಟಿ ಅವನದು.

"ನೋಡಿದ್ಯಾ!" ಎಂದು ಬಾರ್ಟ್ಲಿ ಫೆಲಿಮ್‌ನ ಬೆನ್ನಿಗೆ ಬಾರಿಸಿದ. "ನಮ್ಮಪ್ಪ ಬಡ್ಕೊಂಡು ಬಡ್ಕೊಂಡು ಸತ್ರು. ಬೇಲಿ ಅಲ್ಲೇ ಇತ್ತು ಅಂತ! ನಿಂಗೆ ನೆನಪಿದೆ ಅಲ್ವಾ?"

ಇಲ್ಲಿ ಒಂದು ಗುಟ್ಟನ್ನು ಹೇಳಲೇಬೇಕು. ಫೆಲಿಮ್‌ನ ಡ್ರಮ್‌ಕೀಲಿ ಎರಡು ದೊಡ್ಡ ಹಲಗೆಗಳ ಮೇಲಿತ್ತು. ಒಂದೇ ಹಲಗೆಯಾದರೆ ಶೆಡ್ಡಿನ ಬಾಗಿಲಲ್ಲಿ ಹಿಡಿಯುವುದಿಲ್ಲವೆಂದು ಎರಡು ಮಾಡಿ, ಬೋಲ್ಟು ಹಾಕಿ ಬಿಗಿದಿದ್ದ. ನಡುವೆ ಸಂದು ಕಾಣುತ್ತದಲ್ಲ! ಈ ಕಸುಬಿನವರೆಲ್ಲ ಮಾಡುವುದು ಒಂದೇ: ಸಂದಿನ ಮೇಲೆ ಒಂದು ಬೇಲಿಯನ್ನೋ ಗೋಡೆಯನ್ನೋ ಕೂರಿಸಿ ಮುಚ್ಚಿಬಿಡುವುದು. ಫೆಲಿಮ್ ಕೂರಿಸಿದ್ದೂ ಅಂಥದೇ ಬೇಲಿ. ಆದರೆ ಅದನ್ನು ಕತ್ತರಿಯಿಂದ ಸವರಿ, ಹೂ ಉದುರಿಸಿ, ಒಂದು ಹಕ್ಕಿಯ ಗೂಡನ್ನೂ ಇಟ್ಟು ಮುಗಿಸುವಷ್ಟರಲ್ಲಿ ಅವನಿಗೇ ಅದರ ಮೇಲೆ ನಂಬಿಕೆ ಬಂದಿತ್ತು. ಚಿಕ್ಕಂದಿನಲ್ಲಿ ಆ ಬೇಲಿ ಹಾರಲು ಹೋಗಿ ಚಡ್ಡಿ ಹರಿದುಕೊಂಡದ್ದು ಕೂಡ ನೆನಪಾಗತೊಡಗಿತ್ತು.

"ನೆನಪಿಲ್ದೆ ಏನು," ಎಂದ ಫೆಲಿಮ್. "ಅದ್ರಲ್ಲಿ ನನ್ನ ಚಡ್ಡಿ ಹರಿದಿತ್ತು."

ಮಧ್ಯಾಹ್ನದ ಹೊತ್ತಿಗೆ ಆ ಚಡ್ಡಿ ಊರಿನ ಮೂರೂ ಪಬ್ಬುಗಳನ್ನು ಸುತ್ತಿ ಬಂದಿತು. ಸಂಜೆ ನೋನಿ ಸ್ಕಾಹಿಲ್ ಬಿಸಿಬಿಸಿ ರೂಬಾರ್ಬ್ ಟಾರ್ಟ್, ಅಂದರೆ ಹುಳಿ ದಂಟಿನ ಸಿಹಿ ಕಡುಬು, ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನೋನಿ ಬಾರ್ಟ್ಲಿಯಂತೆ ಕೂಗಾಡುವವಳಲ್ಲ. ಸ್ಟೇಷನ್ನನ್ನು ಹೊಗಳಿದಳು, ಗೇಟಿನ ಹತ್ತಿರ ನಿಂತ ಗೊಂಬೆ ಫೆಲಿಮ್‌ನ ಅಪ್ಪನ ಹಾಗೇ ಇದೆ ಎಂದು ಕಣ್ಣೊರೆಸಿಕೊಂಡಳು, ಕೊನೆಗೆ ಬೇಲಿಯ ಹತ್ತಿರ ಬಂದು ತಲೆ ಓರೆ ಮಾಡಿದಳು.

"ಚೆನ್ನಾಗಿದೆ ಫೆಲಿಮ್. ಆದ್ರೆ ಒಂಚೂರು ಸರಿದಿದೆ, ಅಲ್ವಾ?"

"ಎಲ್ಲಿ?"

"ಈ ಬೇಲಿ. ಒಂದು ಅರ್ಧ ಇಂಚು ಆ ಕಡೆಗೆ ಇರ್ಬೇಕಿತ್ತು. ಅರ್ಧ ಇಂಚು ಅಂದ್ರೆ ಏನು ಮಹಾ, ಅಲ್ವೇನಪ್ಪಾ?"

ಫೆಲಿಮ್‌ನ ಅಳತೆಯಲ್ಲಿ ಅರ್ಧ ಇಂಚೆಂದರೆ ನೆಲದ ಮೇಲೆ ಸರಿಯಾಗಿ ಒಂದು ಗಜ. ಅದು ನೋನಿಗೂ ಗೊತ್ತಿತ್ತು. ಬರುವ ಮೊದಲು ಮನೆಯಲ್ಲಿ ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಬೇಲಿ ಸರಿದರೆ ಸಂದು ಬಾಯಿಬಿಡುತ್ತದೆ ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ರೇಡಿಯೋದಲ್ಲಿ ಆಡಿದ ಮಾತು? ಟಾರ್ಟಿನ ವಾಸನೆ ಬೇರೆ ಮೂಗಿಗೆ ಹೊಡೆಯುತ್ತಿತ್ತು. "ನೋಡೋಣ ನೋನಿ, ನೋಡೋಣ," ಎಂದ. ನಮ್ಮ ಕಡೆ "ನೋಡೋಣ" ಎಂದರೆ ಅರ್ಧ ಒಪ್ಪಿಗೆ.

ಅಂದಿನಿಂದ ಟೂಮಿಯ ಮನೆಗೆ ಸುಗ್ಗಿ. ಬೆಳಿಗ್ಗೆ ಬಾರ್ಟ್ಲಿಯಿಂದ ಬಾತುಕೋಳಿಯ ಮೊಟ್ಟೆ, ಸಂಜೆ ನೋನಿಯಿಂದ ಸೋಡಾ ಬ್ರೆಡ್ಡು; ಬಾರ್ಟ್ಲಿ ಉಪ್ಪಿಟ್ಟ ಹಂದಿಮಾಂಸ ತಂದ ಸುದ್ದಿ ತಿಳಿದ ಕೂಡಲೇ ನೋನಿಯಿಂದ ಅದರ ಜೊತೆ ಬೇಯಿಸಲು ಇಡೀ ಕೋಸು ಮತ್ತು ಬೇಲಿಯ ಬಗ್ಗೆ ಸಲಹೆ. ಫೆಲಿಮ್ ಇಬ್ಬರಿಗೂ ನೋಡೋಣ ಅನ್ನುತ್ತಿದ್ದ, ಇಬ್ಬರದ್ದೂ ತಿನ್ನುತ್ತಿದ್ದ, ಪ್ಯಾಂಟಿನ ಗುಂಡಿ ಮಾತ್ರ ಯಾರಿಗೂ ನೋಡೋಣ ಎನ್ನುವ ಸ್ಥಿತಿಯಲ್ಲಿರಲಿಲ್ಲ.

"ಲಂಚ ಇದು," ಎಂದಳು ಅಟ್ರಾಕ್ಟಾ.

"ಅಕ್ಕಪಕ್ಕದವರ ಪ್ರೀತಿ ಕಣೇ."

"ಹತ್ತೊಂಬತ್ತು ವರ್ಷ ಎಲ್ಲಿ ಹೋಗಿತ್ತು ಈ ಪ್ರೀತಿ? ಮೊದಲು ಹೋಗಿ ನಿಜ ಹೇಳ್ಬಿಡು. ಬೇಲಿ ಇರ್ಲಿಲ್ಲ ಅಂತ."

"ಇತ್ತು ಅಂತ ನಂಗೆ ಅನ್ಸುತ್ತೆ ಅಟ್ರಾಕ್ಟಾ. ನನ್ನ ಚಡ್ಡಿ—"

"ನಿನ್ನ ಚಡ್ಡಿ ಹರಿದಿದ್ದು ಕಾನ್ವೆಂಟಿನ ಸೇಬಿನ ಮರದಲ್ಲಿ. ನಾನು ಕೆಳಗೇ ನಿಂತಿದ್ದೆ."

ಮುಂದಿನ ವಾರದ ಗುರುವಾರ ಬೇಲಿ ಸರಿಯಿತು. ಫೆಲಿಮ್ ಶೆಡ್ಡಿಗೆ ಹೋಗಿ ನೋಡುತ್ತಾನೆ, ಬೇಲಿ ಅರ್ಧ ಇಂಚು ಬಾರ್ಟ್ಲಿಯ ಕಡೆಗೆ ನಿಂತಿದೆ, ಪಕ್ಕದಲ್ಲಿ ಡ್ರಮ್‌ಕೀಲಿ ನಡುವೆ ಭೂಕಂಪವಾದಂತೆ ಸಂದು ಬಾಯಿ ತೆರೆದಿದೆ. ಇಲಿಯ ಕೆಲಸವೆಂದುಕೊಂಡು ಸಂದಿಗೆ ಹುಲ್ಲಿನ ಪುಡಿ ಉದುರಿಸಿದ. ಶುಕ್ರವಾರ ಬೇಲಿ ಮತ್ತೆ ಹಿಂದಕ್ಕೆ ಹೋಗಿತ್ತು, ಹೋದದ್ದು ಮಾತ್ರವಲ್ಲ, ಇನ್ನೂ ಅರ್ಧ ಇಂಚು ಮುಂದೆ, ನೋನಿಯ ಹೊಲದೊಳಗೇ ನುಗ್ಗಿತ್ತು. ಶನಿವಾರ ಅದು ಬಾರ್ಟ್ಲಿಯ ಕೊಟ್ಟಿಗೆಯ ಅಂಗಳದಲ್ಲಿತ್ತು. ಇಂಥ ಇಲಿಯನ್ನು ಫೆಲಿಮ್ ಕಂಡಿರಲಿಲ್ಲ. ತನಗೆ ಮರೆವಿನ ಕಾಯಿಲೆ ಶುರುವಾಯಿತೇ ಎಂದು ದಿಗಿಲಾಗಿ, ಪಾಪ, ಅಡುಗೆಮನೆಯಲ್ಲಿ ಕೂತು ತನ್ನ ಹಳೆಯ ವ್ಯಾನಿನ ದಾರಿಯ ಮನೆಗಳನ್ನು ಒಂದೊಂದಾಗಿ ಬಾಯಿಪಾಠ ಹೇಳಿಕೊಂಡ. ಒಂದೂ ತಪ್ಪಲಿಲ್ಲ. ಇನ್ನೂ ಭಯವಾಯಿತು.

ಸೋಮವಾರ ಅಟ್ರಾಕ್ಟಾ ತನ್ನ ಹುಬ್ಬು ತಿದ್ದುವ ಚಿಮಟಿಗೆ ಹುಡುಕುತ್ತ ಶೆಡ್ಡಿಗೆ ಹೋದಳು. ಅಲ್ಲಿ ಬಾರ್ಟ್ಲಿ ಗಿಲ್ಡೇ ಮೊಣಕಾಲೂರಿ, ನಾಲಿಗೆ ತುದಿ ಹೊರಗೆ ಹಾಕಿ, ಚಿಮಟಿಗೆಯಿಂದ ಬೇಲಿ ಕೀಳುತ್ತಿದ್ದ. ಮೇಜಿನ ಆ ಬದಿಯಲ್ಲಿ, ಬಾಗಿಲ ಹಿಂದೆ ಅವಿತು, ಅವನು ಹೋಗುವುದನ್ನೇ ಕಾಯುತ್ತ ನೋನಿ ನಿಂತಿದ್ದಳು. ಅವಳ ಕೈಯಲ್ಲಿ ಅಂಟಿನ ಟ್ಯೂಬು.

"ನಾನು ಹುಲ್ಲು ನೋಡ್ತಿದ್ದೆ," ಎಂದ ಬಾರ್ಟ್ಲಿ.

"ನಾನು ಹಾಗೇ ಈ ಕಡೆ ಬಂದೆ," ಎಂದಳು ನೋನಿ.

"ಇಬ್ರೂ ಹೊರಗೆ ಹೋಗಿ," ಎಂದಳು ಅಟ್ರಾಕ್ಟಾ. "ಚಿಮಟಿಗೆ ಇಟ್ಟು ಹೋಗು ಬಾರ್ಟ್ಲಿ."

ಇಬ್ಬರೂ ಹೊರಗೆ ಹೋದರು, ಒಂದೇ ಬಾಗಿಲಿನಿಂದ, ಒಬ್ಬರ ಮುಖ ಇನ್ನೊಬ್ಬರು ನೋಡದೆ. ಮತ್ತು ಇಬ್ಬರೂ ನೆಟ್ಟಗೆ ವಕೀಲರ ಹತ್ತಿರ ಹೋದರು. ಇತ್ತ ಫೆಲಿಮ್ ಬೇಲಿಯನ್ನು ಮತ್ತೆ ಸಂದಿನ ಮೇಲೆಯೇ ಅಂಟಿಸಿದ.

ನಮ್ಮ ತಾಲೂಕಿಗೆಲ್ಲ ಇರುವುದು ಒಂದೇ ವಕೀಲರ ಕಚೇರಿ, ಕ್ವಿಗಿನ್ ಸಹೋದರರದು. ಬಾರ್ಟ್ಲಿಯ ಪರವಾಗಿ ದೊಡ್ಡ ಕ್ವಿಗಿನ್, ನೋನಿಯ ಪರವಾಗಿ ಚಿಕ್ಕ ಕ್ವಿಗಿನ್. ಅಣ್ಣತಮ್ಮಂದಿರಿಗೆ ಇದ್ದದ್ದು ಒಂದೇ ಕಾರು. ಮಂಗಳವಾರ ಬೆಳಿಗ್ಗೆ ಆ ಕಾರು ಟೂಮಿಯ ಅಂಗಳದಲ್ಲಿ ನಿಂತಿತು; ಈ ಬದಿಯ ಬಾಗಿಲಿನಿಂದ ಅಣ್ಣ, ಆ ಬದಿಯ ಬಾಗಿಲಿನಿಂದ ತಮ್ಮ ಇಳಿದು, ದಾರಿಯುದ್ದ ಒಟ್ಟಿಗೆ ಬಂದವರು ಅಲ್ಲೇ ಪರಸ್ಪರ ವಿರೋಧಿಗಳಾದರು.

"ನನ್ನ ಕಕ್ಷಿಗಾರರ ಪರವಾಗಿ," ಎಂದರು ದೊಡ್ಡ ಕ್ವಿಗಿನ್, ಶೆಡ್ಡಿನಲ್ಲಿ ಕನ್ನಡಕ ಏರಿಸಿ, "ಈ ಬೇಲಿಯನ್ನು ಯಾರೂ ಮುಟ್ಟಕೂಡದು. ಇದು ಸಾಕ್ಷ್ಯ."

"ನನ್ನ ಕಕ್ಷಿಗಾರರ ಪರವಾಗಿ," ಎಂದರು ಚಿಕ್ಕ ಕ್ವಿಗಿನ್, ಅದೇ ಧಾಟಿಯಲ್ಲಿ, "ಇದೀಗ ಹೇಳಿದ ಮಾತಿಗೆ ನಮ್ಮ ತೀವ್ರ ಆಕ್ಷೇಪಣೆ ಇದೆ. ಮತ್ತು ಈ ಬೇಲಿಯನ್ನು ಯಾರೂ ಮುಟ್ಟಕೂಡದು."

"ಸಾರ್, ಧೂಳು ಒರೆಸ್ಬಹುದಾ?" ಎಂದು ಫೆಲಿಮ್ ಕೇಳಿದ.

ಸಹೋದರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಧೂಳು ಒರೆಸಕೂಡದು ಎಂಬಲ್ಲಿ ಎರಡೂ ಕಡೆಯವರಿಗೆ ಸಹಮತವಿತ್ತು. ಆಮೇಲೆ ಕೆಂಪು ಟೇಪು ತೆಗೆದು, ಹೊಲದಿಂದ ಹೊಲಕ್ಕೆ, ಬೇಲಿಯ ಸುತ್ತ ಬಿಗಿದರು. ಕೆಂಪು ಹಸುಗಳಲ್ಲಿ ಮೂರು ಟೇಪಿನ ಒಳಗೆ ಸಿಕ್ಕಿಕೊಂಡವು. ಟೇಪು ಹಳಿಯ ಮೇಲೂ ಹಾದುಹೋಗಿತ್ತು.

"ಆದ್ರೆ ಭಾನುವಾರ ರೈಲು," ಎಂದ ಫೆಲಿಮ್. "ಭಾನುವಾರ ರೈಲು ಓಡ್ಬೇಕು ಸಾರ್. ಎಲ್ರೂ ಬರ್ತಾರೆ."

"ಮೊಕದ್ದಮೆ ಮುಗಿಯಲಿ."

"ಯಾವಾಗ ಮುಗಿಯುತ್ತೆ?"

ಇಬ್ಬರೂ ಒಟ್ಟಿಗೆ ನಕ್ಕರು. ಇಬ್ಬರೂ ಒಟ್ಟಿಗೆ ನಕ್ಕದ್ದು ಫೆಲಿಮ್‌ಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅವನು ಫಾದರ್ ಟೂಹಿಯ ಬಳಿಗೆ ಓಡಿದ. ಫಾದರ್ ಎಲೆಕೋಸಿನ ಪಾತಿಗೆ ನೀರು ಹಾಕುತ್ತಿದ್ದರು. ಎಲ್ಲ ಕೇಳಿ, ನಲ್ಲಿ ನಿಲ್ಲಿಸಿ, ದೀರ್ಘವಾಗಿ ಉಸಿರು ಬಿಟ್ಟರು.

"ಹತ್ತೊಂಬತ್ತು ವರ್ಷದಿಂದ ಅವರಿಬ್ಬರಿಗೂ ಬೇರೆ ಬೇರೆ ಸಾಲಲ್ಲಿ ಪ್ರಸಾದ ಕೊಟ್ಟಿದೀನಿ ಫೆಲಿಮ್. ಈಗ ಜಗಳ ಆಟದ ಹೊಲಕ್ಕೂ ಬಂತಾ?"

"ಏನು ಮಾಡ್ಲಿ ಫಾದರ್?"

"ಬೇಲಿ ಇತ್ತೋ ಇಲ್ವೋ? ನನ್ನ ಮುಖ ನೋಡಿ ಹೇಳು."

ಫೆಲಿಮ್ ಎಲೆಕೋಸನ್ನು ನೋಡಿ ಹೇಳಿದ: "ರೇಡಿಯೋದಲ್ಲಿ ಎಲ್ಲಾ ಇದ್ದ ಹಾಗೇ ಇದೆ ಅಂತ ಹೇಳ್ಬಿಟ್ಟೆ ಫಾದರ್."

ಫಾದರ್ ತಾವೇ ಕ್ವಿಗಿನ್ ಸಹೋದರರಿಗೆ ಫೋನು ಮಾಡಿ, ಸಾಕ್ಷ್ಯವನ್ನು ಸಭಾಂಗಣಕ್ಕೆ ತಂದರೆ ಇಡೀ ಊರೇ ಸಾಕ್ಷಿಯಾಗುತ್ತದೆ, ಅದರಿಂದ ಕಾನೂನಿಗೆ ಲಾಭವೇ ಹೊರತು ನಷ್ಟವಿಲ್ಲ ಎಂದು ವಾದಿಸಿದರು. ಚಹಾದ ಜೊತೆ ಟಾರ್ಟ್ ಇರುತ್ತದೆ ಎಂದೂ ಹೇಳಿದರು. ಸಹೋದರರು ಒಂದು ಷರತ್ತಿನ ಮೇಲೆ ಒಪ್ಪಿದರು: ಬಾರ್ಟ್ಲಿಯ ಹೊಲವಿರುವ ಹಲಗೆಯನ್ನು ಬಾರ್ಟ್ಲಿಯೇ, ನೋನಿಯ ಹೊಲವಿರುವ ಹಲಗೆಯನ್ನು ನೋನಿಯೇ ಜೊತೆಗಿದ್ದು ಸಾಗಿಸಬೇಕು, ಬೇರೆ ಯಾರೂ ಕೈ ಹಚ್ಚಕೂಡದು. ರೈಲಿನ ಮಾತನ್ನು ಫಾದರ್ ಎತ್ತಲೇ ಇಲ್ಲ.

ಹಾಗೆ ಭಾನುವಾರ ಪೂಜೆಯ ನಂತರ ಡ್ರಮ್‌ಕೀಲಿ ಎರಡು ಭಾಗವಾಗಿ, ಒಂದು ಬಾರ್ಟ್ಲಿಯ ಜಾನುವಾರು ಟ್ರೇಲರಿನಲ್ಲಿ, ಇನ್ನೊಂದು ನೋನಿಯ ಅಳಿಯನ ಮೀನಿನ ವ್ಯಾನಿನಲ್ಲಿ, ಡ್ರಮ್‌ಕೀಲಿಯ ಬೀದಿಯಲ್ಲೇ ಮೆರವಣಿಗೆ ಹೊರಟಿತು. ಬೋಲ್ಟು ಬಿಚ್ಚುವಾಗ ಬೇಲಿ ಬಾರ್ಟ್ಲಿಯ ಹಲಗೆಗೆ ಅಂಟಿಕೊಂಡು ಹೋಯಿತು. ಚಿಕ್ಕ ಕ್ವಿಗಿನ್ ತಮ್ಮ ಆಕ್ಷೇಪಣೆಯನ್ನು ವ್ಯಾನಿನ ಕಿಟಕಿಯಿಂದ ಕೂಗಿ ಹೇಳಿದರು. ಸೇತುವೆಯ ಹತ್ತಿರ ಬಾರ್ಟ್ಲಿ ಎಂದಿನಂತೆ ಗುಂಡಿಯನ್ನು ಲೆಕ್ಕಿಸದೆ ಓಡಿಸಿದ. ಒಳಗೆ ಏನೋ ಕಟ್ ಎಂದಿತು.

ಸಭಾಂಗಣ ತುಂಬಿತ್ತು. ಹಳೆಯ ಸ್ಟೇಷನ್ ಮಾಸ್ತರರ ಮಗಳು ತೊಂಬತ್ತು ದಾಟಿದವಳು ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿಗೆ ಬಂದಿದ್ದಳು. ರೈಲಿನಲ್ಲಿ ಹಾಲಿನ ಡಬ್ಬಿ ಕಳಿಸಿದವರು, ಅದೇ ರೈಲಿನಲ್ಲಿ ಬೋರ್ಡಿಂಗ್ ಶಾಲೆಗೆ ಹೋಗಿ ಅತ್ತವರು, ಟಿಕೆಟ್ಟಿಲ್ಲದೆ ಹೋಗಿ ಸಿಕ್ಕಿಬಿದ್ದವರು, ಎಲ್ಲರೂ ಕುತ್ತಿಗೆ ಚಾಚಿ ತಮ್ಮತಮ್ಮ ಮನೆ ಹುಡುಕುತ್ತಿದ್ದರು.

"ನಮ್ಮಮ್ಮ ಪೂಜೆಯ ದಿನ, ಭಾನುವಾರ, ಬಟ್ಟೆ ಒಣಗೋಕೆ ಹಾಕ್ತಿದ್ರು ಅಂತ ಯಾರು ಹೇಳಿದ್ದು ನಿಂಗೆ?" ಎಂದು ತನ್ನ ಮನೆಯ ಹಿಂದಿನ ಪುಟ್ಟ ಹಗ್ಗದ ಮೇಲೆ ಬಟ್ಟೆ ಕಂಡು ಒಬ್ಬಳು ಜಗಳಕ್ಕೆ ಬಂದಳು.

"ಅದು ಸೋಮವಾರ ಕಣಮ್ಮಾ," ಎಂದ ಫೆಲಿಮ್. "ಅಲ್ಲಿ ಎಲ್ಲಾ ದಿನಾನೂ ಸೋಮವಾರ."

ಅವನ ಗಮನ ಅಲ್ಲಿರಲಿಲ್ಲ. ಹಲಗೆಗಳನ್ನು ಜೋಡಿಸಿದೊಡನೆ ವಕೀಲರು ಟೇಪನ್ನು ಮತ್ತೆ ಬಿಗಿದಿದ್ದರು; ಬೋಲ್ಟು ಹಾಕಲು ಹೋದರೆ ಬೋಲ್ಟು ಕೂರುವ ಕಬ್ಬಿಣದ ಪಟ್ಟಿ ಸೊಟ್ಟಗಾಗಿತ್ತು. ಬಿಗಿಯಾಗಲಿಲ್ಲ. ಆದರೂ ಆದದ್ದಾಗಲಿ ಎಂದು, ವಕೀಲರು ಟಾರ್ಟಿನ ಮೇಜಿನ ಹತ್ತಿರ ಇದ್ದಾಗ ಹಳಿಯ ಮೇಲಿನ ಟೇಪನ್ನು ಮಾತ್ರ ಸದ್ದಿಲ್ಲದೆ ಕತ್ತರಿಸಿ, ಗುಂಡಿ ತಿರುಗಿಸಿದ. ಹಸಿರು ಎಂಜಿನ್ನು ಎರಡು ಗಾಡಿ ಎಳೆದುಕೊಂಡು ಸ್ಟೇಷನ್ ಬಿಟ್ಟಿತು. ಸಭಾಂಗಣದಲ್ಲಿ ಕೆಮ್ಮು ಕೂಡ ನಿಂತಿತು. ಬಾರ್ಟ್ಲಿಯ ಹೊಲ ದಾಟಿತು, ಬೇಲಿಯ ಹತ್ತಿರ ಬಂತು, ಮೂಗು ತಗ್ಗಿಸಿ ಜೌಗಿಗೆ ಬಿದ್ದಿತು.

"ಅಯ್ಯೋ," ಎಂದಿತು ಇಡೀ ಡ್ರಮ್‌ಕೀಲಿ.

ಎತ್ತಿ ಇಟ್ಟು ಮತ್ತೆ ಓಡಿಸಿದ. ಮತ್ತೆ ಬಿತ್ತು. ಸಂದು ಎಲ್ಲಿ ಬಿಟ್ಟಿದೆ ಎಂದು ನೋಡಬೇಕಾದರೆ ಬೇಲಿ ಕೀಳಬೇಕು. ಕ್ವಿಗಿನ್ ಸಹೋದರರು ಬಾಯಿ ಒರೆಸಿಕೊಳ್ಳುತ್ತ ಎರಡು ಬದಿಯಿಂದ ಬಂದು ನಿಂತರು.

"ಮಿಸ್ಟರ್ ಟೂಮಿ, ಅದನ್ನು ಮುಟ್ಟಿದರೆ—"

ಫೆಲಿಮ್ ಮುಂದಿನ ಸಾಲನ್ನು ನೋಡಿದ. ಗಾಲಿಕುರ್ಚಿಯ ಮುದುಕಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ರೈಲು ತಡವಾದಾಗ ಪ್ಲಾಟ್‌ಫಾರಂ ಮೇಲೆ ಕೂರುವ ಹಾಗೆ, ಅವಸರವಿಲ್ಲದೆ ಕಾಯುತ್ತಿದ್ದಳು. ಗೇಟಿನ ಹತ್ತಿರ ಅಪ್ಪನ ಗೊಂಬೆ ನಿಂತಿತ್ತು. ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು. ಕೈ ಹಾಕಿ, ಗೂಡಿನ ಸಮೇತ, ಇಡೀ ಬೇಲಿಯನ್ನು ಪರಪರ ಎಂದು ಕಿತ್ತ.

"ಈ ಬೇಲಿ ಇರ್ಲೇ ಇಲ್ಲ," ಎಂದ. "ಹಲಗೆ ಸಂದು ಮುಚ್ಚೋಕೆ ಹಾಕಿದ್ದು. ಸಂದು ಇಲ್ಲೇ ಯಾಕಿದೆ ಅಂದ್ರೆ ನಮ್ಮ ಶೆಡ್ಡಿನ ಬಾಗಿಲು ಇಷ್ಟೇ ಅಗಲ. ಒಂದು ಕಲ್ಲೂ ಆಚೀಚೆ ಇಲ್ಲ ಅಂದಿದ್ದು ಸುಳ್ಳು. ಅಲ್ಲಿ ಏನಿತ್ತೋ ನಂಗೆ ನೆನಪಿಲ್ಲ. ದೇವರಾಣೆ ನೆನಪಿಲ್ಲ. ಅಲ್ಲಿ ಯಾವತ್ತೂ ಏನೂ ನಡೀತಿರ್ಲಿಲ್ಲ, ಯಾರು ನೆನಪಿಟ್ಕೋತಾರೆ?"

ಸತ್ಯ ಹೇಳಿದವನಿಗೆ ಸಿಗಬೇಕಾದ ಮರ್ಯಾದೆ ಫೆಲಿಮ್‌ಗೆ ಸಿಗಲಿಲ್ಲ. ಯಾರೂ ನಂಬಲೇ ಇಲ್ಲ.

"ನೋನಿ ಟಾರ್ಟ್ ಮಾತಾಡ್ತಿದೆ ಇದು!" ಎಂದು ಬಾರ್ಟ್ಲಿ ಛಾವಣಿಗೆ ಹೇಳಿದ.

"ಹಂದಿಮಾಂಸ ಮಾತಾಡ್ತಿದೆ," ಎಂದು ನೋನಿ ಗೋಡೆಗೆ ಹೇಳಿದಳು.

"ಬೇಲಿ ಇರ್ಲಿಲ್ಲ ಅಂದ್ರೆ?" ಎಂದು ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಅದರಲ್ಲಿ ನನ್ನ ಸ್ವೆಟರು ಹರಿದಿದೆ!"

"ನಾನು ಅಲ್ಲಿ ಕಾಡುಹಣ್ಣು ಕಿತ್ತಿದೀನಿ," ಎಂದಳು ಇನ್ನೊಬ್ಬಳು.

ಚಡ್ಡಿಯ ಕಥೆ ಕೇಳಿದವರಲ್ಲಿ ಅರ್ಧ ಜನರಿಗೆ ಆ ಬೇಲಿ ನೆನಪಾಗಿತ್ತು. ಕೆಲವರಿಗೆ ಈ ಕಡೆ, ಕೆಲವರಿಗೆ ಆ ಕಡೆ. ಇರಲೇ ಇಲ್ಲ ಎಂದು ಹೇಳಲು ಇಡೀ ಊರಿನಲ್ಲಿ ಇದ್ದವನು ಅದನ್ನು ಪಾತ್ರೆ ಉಜ್ಜುವ ನಾರಿನಿಂದ ಮಾಡಿದವನೊಬ್ಬನೇ. ಗಲಾಟೆ ಎಷ್ಟಾಯಿತೆಂದರೆ ಫಾದರ್ ಟೂಹಿ ಚಹಾದ ದೊಡ್ಡ ಪಾತ್ರೆಯ ಮೇಲೆ ಸೌಟಿನಿಂದ ಬಡಿಯಬೇಕಾಯಿತು.

"ಸಾಕು! ಫೆಲಿಮ್, ರೈಲು ಓಡ್ಬೇಕಾದ್ರೆ ಏನು ಬೇಕು? ಅಷ್ಟು ಹೇಳು."

ಫೆಲಿಮ್ ಸಂದಿನ ಮೇಲೆ ಬಗ್ಗಿದ. "ಬೋಲ್ಟು ನಿಲ್ತಿಲ್ಲ ಫಾದರ್. ಎರಡು ಕಡೆಯಿಂದ ಯಾರಾದ್ರೂ ಹಲಗೇನ ಒತ್ತಿ ಹಿಡ್ಕೋಬೇಕು. ಗಟ್ಟಿಯಾಗಿ. ಒಂದೇ ಮಟ್ಟಕ್ಕೆ."

ಇಬ್ಬರು ಯುವಕರು ಮುಂದೆ ಬಂದರು.

"ನನ್ನ ಹೊಲಕ್ಕೆ ಯಾರೂ ಕೈ ಹಚ್ಚೋ ಹಾಗಿಲ್ಲ," ಎಂದ ಬಾರ್ಟ್ಲಿ. "ಷರತ್ತು ಷರತ್ತೇ."

"ನನ್ನ ಹೊಲಕ್ಕೂ," ಎಂದಳು ನೋನಿ.

"ಸರಿ," ಎಂದರು ಫಾದರ್, ಬಹಳ ಮೆಲ್ಲಗೆ. "ಹಾಗಾದ್ರೆ ನೀವೇ ಹಿಡ್ಕೊಳ್ಳಿ."

ಬಾರ್ಟ್ಲಿ ತನ್ನ ಬೂಟಿನ ಕಡೆ ನೋಡಿದ. ನೋನಿ ತನ್ನ ಬೂಟಿನ ಕಡೆ ನೋಡಿದಳು. ಆದರೆ ಇಡೀ ಊರು ಅವರ ಬೂಟುಗಳ ಕಡೆ ನೋಡುತ್ತಿದ್ದುದರಿಂದ ಆ ಉಪಾಯ ನಡೆಯಲಿಲ್ಲ. ಬಾರ್ಟ್ಲಿ ಹೋಗಿ ತನ್ನ ಹಲಗೆ ಹಿಡಿದ. ನೋನಿ ಕೈಚೀಲವನ್ನು ಅಟ್ರಾಕ್ಟಾಗೆ ಕೊಟ್ಟು, ತೋಳು ಮಡಿಸಿ, ತನ್ನ ಹಲಗೆ ಹಿಡಿದಳು. ಸಂದು ಮೇಜಿನ ನಡುವೆ ಇದ್ದುದರಿಂದ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಬಗ್ಗಬೇಕಾಯಿತು.

ಎಂಜಿನ್ನು ಸ್ಟೇಷನ್ ಬಿಟ್ಟಿತು. ಬಾರ್ಟ್ಲಿಯ ಹೊಲಕ್ಕೆ ಬಂತು. ಹಲಗೆ ಅಲುಗಿತು.

"ಒತ್ತು," ಎಂದಳು ನೋನಿ.

ಸಭಾಂಗಣದಲ್ಲಿ ಯಾರದೋ ಕಪ್ಪು ನೆಲಕ್ಕೆ ಬಿತ್ತು.

"ಒತ್ತುತಾ ಇದೀನಲ್ಲ," ಎಂದ ಬಾರ್ಟ್ಲಿ.

"ಇದು ಒತ್ತೋದಾ? ಮೇಲಕ್ಕೆ ಎತ್ತು. ಯಾವಾಗ್ಲೂ ಕೆಳಗೆ ಬಿಡ್ತೀಯ ನೀನು."

"ನಾನಾ? ನೀನು ಆ ಕಡೆ ಎಳೀತಿದ್ದೀಯ! ಹುಟ್ಟಿದಾಗಿಂದ ಎಳೆಯೋ ಬುದ್ಧಿ ನಿಂದು!"

"ಬಾಯಿ ಮುಚ್ಕೊಂಡು ಹಿಡ್ಕೋ, ರೈಲು ಬಂತು!"

ರೈಲು ಸಂದಿನ ಮೇಲೆ ಬಂತು. ಮುಂದಿನ ಚಕ್ರ ಒಂದು ಕ್ಷಣ ತಡೆಯಿತು, ಯೋಚಿಸಿತು, ಟಕ್ ಎಂದಿತು, ದಾಟಿತು. ಒಂದು ಗಾಡಿ ದಾಟಿತು. ಎರಡನೆಯದೂ ದಾಟಿತು. ನೋನಿಯ ಹೊಲ ಹಾದು, ಗೇಟಿನ ಹತ್ತಿರ ನಿಂತ ಗೊಂಬೆಯ ಮುಂದೆ ಹೋಗಿ, ಹಲಗೆಯ ತುದಿಯ ಸುರಂಗದೊಳಗೆ ಮರೆಯಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಾಲಿಕುರ್ಚಿಯ ಮುದುಕಿ, "ಹೊತ್ತಿಗೆ ಸರಿಯಾಗಿ ಬಂತು," ಎಂದಳು, ಅಷ್ಟೇ. ಫೆಲಿಮ್ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಮಗುವಿನಂತೆ ಅಳುತ್ತಿದ್ದ. ಅಟ್ರಾಕ್ಟಾ ಬಂದು ಅವನ ಪಕ್ಕ ನಿಂತು, ನೋನಿಯ ಕೈಚೀಲದಿಂದಲೇ ಒಂದು ಕರವಸ್ತ್ರ ತೆಗೆದು ಕೊಟ್ಟಳು. ಆಮೇಲೆ ಚಪ್ಪಾಳೆ ಬಿತ್ತು, ಬಿದ್ದದ್ದು ನಿಲ್ಲಲಿಲ್ಲ.

ಜನ ಚಹಾಕ್ಕೆ ಹೋದರು. ಕ್ವಿಗಿನ್ ಸಹೋದರರು ಒಂದೇ ತಟ್ಟೆಯಿಂದ ಟಾರ್ಟ್ ತಿನ್ನುತ್ತ ಒಂದು ಮೊಕದ್ದಮೆ ಕೈತಪ್ಪಿ ಹೋಗುತ್ತಿರುವ ದುಃಖವನ್ನು ಹಂಚಿಕೊಂಡರು. ಸಭಾಂಗಣದ ನಡುವೆ ಮಾತ್ರ ಬಾರ್ಟ್ಲಿ ಮತ್ತು ನೋನಿ ಇನ್ನೂ ಹಲಗೆ ಹಿಡಿದು ಬಗ್ಗಿಕೊಂಡೇ ಇದ್ದರು. ಮೊದಲು ಕೈ ಬಿಟ್ಟವರು ಸೋತಂತೆ ಎಂದು ಇಬ್ಬರಿಗೂ ಗೊತ್ತಿತ್ತು.

"ಕೈ ನೋಯ್ತಿದ್ರೆ ಬಿಡು," ಎನ್ನುತ್ತಿದ್ದ ಬಾರ್ಟ್ಲಿ.

"ನಂದೇನೂ ನೋಯ್ತಿಲ್ಲ. ನಿನ್ನ ಸೊಂ‍ಟ ಹೇಗಿದೆ? ಆಪರೇಷನ್ ಆಯ್ತಂತಲ್ಲ, ಆವತ್ತು ಬರ್ಬೇಕು ಅಂದ್ಕೊಂಡಿದ್ದೆ."

"ಬರ್ಬೇಕಿತ್ತು."

"ಹೇಗೆ ಬರೋದು? ನೀನು ಮಾತಾಡ್ತಿರ್ಲಿಲ್ಲ."

"ನಾನಾ? ನಿನ್ನ ಗಂಡ ಹೋದಾಗ ನಾನು ನಿಮ್ಮ ಗೇಟಿನ ತನಕ ಬಂದು ವಾಪಸ್ ಹೋದೆ, ಗೊತ್ತಾ ನಿಂಗೆ? ಮಾತಾಡದೆ ಇದ್ದೋಳು ನೀನು!"

"ನೀನು!"

ಚಹಾ ಬೇಕೇ ಎಂದು ಕೇಳಲು ಹೊರಟಿದ್ದ ಫಾದರ್ ಅರ್ಧದಲ್ಲೇ ನಿಂತು ಹಿಂದಿರುಗಿದರು. ಫೆಲಿಮ್ ಅವರಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೂಗು ಒರೆಸಿಕೊಂಡು, ಎಂಜಿನ್ನನ್ನು ತಂದು ಮತ್ತೆ ಸ್ಟೇಷನ್ನಿನಲ್ಲಿ ನಿಲ್ಲಿಸಿ, ಗುಂಡಿ ತಿರುಗಿಸಿದ.

"ಹಿಡ್ಕೊಂಡಿರಿ, ಇನ್ನೊಂದು ಗಾಡಿ ಬರ್ತಿದೆ!" ಎಂದು ಕೂಗಿದ. ಈ ಸಲ ರೈಲನ್ನು ಎಷ್ಟು ನಿಧಾನವಾಗಿ ಬಿಡಲು ಸಾಧ್ಯವೋ ಅಷ್ಟು ನಿಧಾನವಾಗಿ ಬಿಟ್ಟ.